ಮಗಳು ಇನ್‌ಸ್ಟಾಗ್ರಾಮ್ ಕೇಳುತ್ತಿದ್ದಾಳೆ. 'ಬೇಡ' ಅನ್ನುವುದು ಬಿಟ್ಟು ಬೇರೆ ಏನು ಹೇಳಿಕೊಡಬೇಕು?

ಗಿರಿನಗರ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸು, ಹನ್ನೆರಡು ವರ್ಷ. ಕ್ಲಾಸಿನಲ್ಲಿ ಎಲ್ಲರಿಗೂ ಇನ್‌ಸ್ಟಾಗ್ರಾಮ್ ಇದೆಯಂತೆ, ಅವಳೊಬ್ಬಳಿಗೆ ಇಲ್ಲವಂತೆ. ಈ ಲೆಕ್ಕ ಅವಳದ್ದೇ, ನಾನು ಎಣಿಸಿಲ್ಲ. ನಮ್ಮ ಯಜಮಾನರದು ಒಂದೇ ಮಾತು, ಪಿಯುಸಿ ಮುಗಿಯುವವರೆಗೆ ಬೇಡ. ನನ್ನ ತಮ್ಮ ಐಟಿಯವನು, "ಕೊಡಕ್ಕ, ಪ್ರೈವೇಟ್ ಮಾಡಿದರೆ ಆಯಿತು" ಅನ್ನುತ್ತಾನೆ. ಇಬ್ಬರ ಮಾತೂ ನನಗೆ ಸಮಾಧಾನ ಕೊಡಲಿಲ್ಲ.

ಯಾಕೆಂದರೆ ಮೊನ್ನೆ ಅವಳು ತನ್ನ ಗೆಳತಿಯ ಗೆಳತಿಯೊಬ್ಬಳ ಅಕೌಂಟ್ ತೋರಿಸಿದಳು. ಯಾರು ಬೇಕಾದರೂ ನೋಡಬಹುದು, ಹಾಗೇ ತೆರೆದು ಬಿಟ್ಟಿದ್ದಾರೆ. ಯೂನಿಫಾರಂ ಮೇಲಿನ ಬ್ಯಾಡ್ಜ್, ಸ್ಕೂಲ್ ವ್ಯಾನಿನ ನಂಬರು, ಮನೆ ಮುಂದೆ ಮಾಡಿದ ರೀಲಿನಲ್ಲಿ ಎದುರುಗಡೆ ಅಂಗಡಿಯ ಬೋರ್ಡು, ಡ್ಯಾನ್ಸ್ ಕ್ಲಾಸಿಗೆ ಹೊರಡುವಾಗೆಲ್ಲ ಒಂದು ಸ್ಟೋರಿ. ಆ ಹುಡುಗಿಯನ್ನು ನಾನು ಒಮ್ಮೆಯೂ ನೋಡಿಲ್ಲ. ಆದರೂ ಅವಳು ಯಾವ ಸಂಜೆ, ಎಷ್ಟು ಹೊತ್ತಿಗೆ, ಯಾವ ರಸ್ತೆಯಲ್ಲಿ ಒಬ್ಬಳೇ ನಡೆದು ಹೋಗುತ್ತಾಳೆ ಅಂತ ಕಾಫಿ ಆರುವುದರೊಳಗೆ ಗೊತ್ತಾಯಿತು. ನನಗೇ ಇಷ್ಟು ಸುಲಭವಾದರೆ ಬೇರೆಯವರಿಗೆ?

ಕೊಡಬೇಕಾ ಬೇಡವಾ ಅನ್ನುವ ಜಗಳ ನಮ್ಮ ಮನೆಯಲ್ಲೇ ಬೇಕಾದಷ್ಟು ಆಗಿದೆ. ಇವತ್ತಲ್ಲ ನಾಳೆ ಅವಳು ಸೇರಿಯೇ ಸೇರುತ್ತಾಳೆ. ಅದಕ್ಕೆ ಮುಂಚೆ ಏನೇನು ಕಲಿಸಬೇಕು? ನೀವೆಲ್ಲ ಏನು ಮಾಡಿದ್ದೀರಿ?

ದರ್ಶಿನಿ ದಾಸ
ದರ್ಶಿನಿ ಕಾಫಿನಾ, ಮನೆ ಕಾಫಿನಾ? ದರ್ಶಿನಿದಾದರೆ ಎರಡೇ ನಿಮಿಷಕ್ಕೆ ಆರುತ್ತದೆ, ಅಲ್ಲಿಗೆ ನಿಮ್ಮ ತನಿಖೆ ಭಾರೀ ಫಾಸ್ಟ್. ತಮಾಷೆ ಬಿಡಿ ಮೇಡಂ, ಒಳ್ಳೆಯ ಪ್ರಶ್ನೆ. ಓದುತ್ತಾ ಕೂತಿದ್ದೇನೆ.

ರಾತ್ರಿಪಾಳಿ ಟೆಕ್ಕಿ
ಇನ್‌ಸ್ಟಾಗ್ರಾಮ್, ವಾಟ್ಸಾಪ್, ಸ್ನ್ಯಾಪ್‌ಚಾಟ್ ಮೂರಕ್ಕೂ ಕನಿಷ್ಠ ವಯಸ್ಸು 13. ಹನ್ನೆರಡಕ್ಕೆ ಅಕೌಂಟ್ ಮಾಡಬೇಕಾದರೆ ಹುಟ್ಟಿದ ವರ್ಷ ಸುಳ್ಳು ಹಾಕಬೇಕು. ಅದರಲ್ಲೇನು ಮಹಾ ಅನ್ನುವವರು ಜಾಸ್ತಿ. ಆದರೆ ಎಡವಟ್ಟು ಇರುವುದೇ ಅಲ್ಲಿ. ಮಕ್ಕಳು ಸುಮ್ನೆ ಬೆರಳಾಡಿಸಿ 2000 ಅಂತ ಯಾವುದೋ ವರ್ಷ ಒತ್ತುತ್ತಾರೆ. ಆಪ್ ಲೆಕ್ಕದಲ್ಲಿ ಆ ಮಗು ಇಪ್ಪತ್ತು ದಾಟಿದ ದೊಡ್ಡವಳು. ಚಿಕ್ಕವರಿಗೆ ಅಂತ ಇಟ್ಟಿರುವ ಕಾವಲು ಒಂದೂ ಅವಳಿಗೆ ಸಿಗುವುದಿಲ್ಲ. ಮುಂದೆ ನಿಜವಾಗಿ ಹದಿನಾಲ್ಕು ತುಂಬಿದಾಗಲೂ ಸಿಗುವುದಿಲ್ಲ.

ಆ ಕಾವಲು ಏನು ಅಂತ ಹೇಳುತ್ತೇನೆ. ಇನ್‌ಸ್ಟಾಗ್ರಾಮ್ 2024ರ ಸೆಪ್ಟೆಂಬರಿನಲ್ಲಿ ಟೀನ್ ಅಕೌಂಟ್ ಶುರು ಮಾಡಿತು. ಭಾರತಕ್ಕೆ 2025ರ ಫೆಬ್ರವರಿಯಲ್ಲಿ ತಂದಿತು. ಹೊಸದಾಗಿ ಸೇರುವವರು 18ರೊಳಗಿದ್ದರೆ ಅಕೌಂಟ್ ತಾನಾಗಿಯೇ ಪ್ರೈವೇಟ್ ಆಗುತ್ತದೆ. ಗುರುತಿಲ್ಲದವರು ಮೆಸೇಜ್ ಕಳಿಸಲು ಆಗುವುದಿಲ್ಲ. ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ನೋಟಿಫಿಕೇಶನ್ ಬರುವುದಿಲ್ಲ. 16ರೊಳಗಿನವರು ಇದನ್ನೆಲ್ಲ ಸಡಿಲ ಮಾಡಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಹುಟ್ಟಿದ ವರ್ಷ ಸರಿ ಇದ್ದರೆ ಮಾತ್ರ ಇಷ್ಟೆಲ್ಲ.

ನಿಮ್ಮ ತಮ್ಮ ಹೇಳಿದ 'ಪ್ರೈವೇಟ್' ಅರ್ಧ ಮಾತ್ರ. ಅಕೌಂಟ್ ಪ್ರೈವೇಟ್ ಇದ್ದರೂ ಹೆಸರು, ಪ್ರೊಫೈಲ್ ಫೋಟೋ, ಬಯೋ (ಹೆಸರಿನ ಕೆಳಗೆ ಬರೆದುಕೊಳ್ಳುವ ಪರಿಚಯ) ಎಲ್ಲರಿಗೂ ಕಾಣುತ್ತದೆ. ಬಯೋದಲ್ಲಿ ಸ್ಕೂಲು, ಕ್ಲಾಸು, ಸೆಕ್ಷನ್ ಬರೆದಿದ್ದರೆ ಮುಗಿಯಿತು. ಗೆಳತಿಯ ಅಕೌಂಟ್ ಓಪನ್ ಇದ್ದು, ಇವಳ ಫೋಟೋ ಅಲ್ಲಿ ಹಾಕಿದರೆ ಇವಳ ಬೀಗಕ್ಕೆ ಅರ್ಥವಿಲ್ಲ. ಇನ್ನು ಆರುನೂರು ಫಾಲೋವರ್ಸ್ ಇದ್ದರೆ ಅದು ಪ್ರೈವೇಟ್ ಅಕೌಂಟ್ ಅಲ್ಲ, ಕಲ್ಯಾಣ ಮಂಟಪ. ಊಟಕ್ಕೆ ಯಾರು ಬಂದರು ಅಂತ ಯಾರೂ ಕೇಳುವುದಿಲ್ಲ.

ಹಳೇ ಬೆಂಗಳೂರಿಗ
12ಕ್ಕೆ ಫೋನೇ ಯಾಕೆ ಬೇಕು? ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ನಾವೇನು ಹಾಳಾಗಿದ್ದೇವಾ?

ಹೆಬ್ಬಾಳ ಫ್ಲೈಓವರ್
ಸಾರ್, ನಮ್ಮ ಕಾಲದಲ್ಲಿ ಆರ್ಕುಟ್ ಇತ್ತು. 2014ರಲ್ಲಿ ಅದು ಮುಚ್ಚಿದ್ದು ನಮ್ಮ ತಲೆಮಾರಿನ ಪುಣ್ಯ. ರಾಜಾಜಿನಗರದ ಸೈಬರ್ ಸೆಂಟರಿನಲ್ಲಿ ಕೂತು ಬರೆದ ಸ್ಕ್ರ್ಯಾಪ್‌ಗಳು ಇವತ್ತು ನನ್ನ ಹೆಂಡತಿಗೆ ಸಿಕ್ಕರೆ ಊಟ ಹೊರಗಡೆಯೇ. ಈಗಿನ ಮಕ್ಕಳಿಗೆ ಆ ಪುಣ್ಯ ಇಲ್ಲ.

ಹಳೇ ಬೆಂಗಳೂರಿಗ
ನಾನು ಆರ್ಕುಟ್‌ಗೂ ಮುಂಚಿನವನಪ್ಪಾ.

ಹೈಸ್ಕೂಲ್ ಮೇಷ್ಟ್ರು
ನಾನು ಎಂಟು, ಒಂಬತ್ತನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಎಲ್ಲರೂ ಅಪರಿಚಿತರ ಬಗ್ಗೆ ಹೆದರುತ್ತಾರೆ. ಹೆದರಬೇಕು, ಇಲ್ಲ ಅನ್ನುವುದಿಲ್ಲ. ಆದರೆ ನಾನು ನೋಡಿರುವ ರಾದ್ಧಾಂತಗಳು ಹೆಚ್ಚಾಗಿ ಪಕ್ಕದ ಬೆಂಚಿನಿಂದಲೇ ಶುರುವಾಗಿದ್ದು.

ಸ್ನ್ಯಾಪ್‌ಚಾಟ್‌ನಲ್ಲಿ ಸ್ಟ್ರೀಕ್ ಅಂತ ಇದೆ. ಇಬ್ಬರು ದಿನಾ ಒಬ್ಬರಿಗೊಬ್ಬರು ಸ್ನ್ಯಾಪ್, ಅಂದರೆ ಫೋಟೋ ಅಥವಾ ವಿಡಿಯೋ, ಕಳಿಸುತ್ತಲೇ ಇರಬೇಕು, ತಪ್ಪಿದರೆ ಲೆಕ್ಕ ಸೊನ್ನೆಗೆ ಬರುತ್ತದೆ. ಊರಿಗೆ ಹೋಗುವಾಗ, ಮನೆಯಲ್ಲಿ ಫೋನ್ ಕಿತ್ತುಕೊಂಡಾಗ ಸ್ಟ್ರೀಕ್ ಉಳಿಸಲು ಗೆಳತಿಗೆ ಪಾಸ್‌ವರ್ಡ್ ಕೊಟ್ಟು ಹೋಗುತ್ತಾರೆ. ಅವರ ಲೋಕದಲ್ಲಿ ಅದು ನಂಬಿಕೆಯ ಗುರುತು. 'ನನ್ನ ಪಾಸ್‌ವರ್ಡ್ ಅವಳಿಗೆ ಗೊತ್ತು' ಅಂತ ಹೆಮ್ಮೆಯಿಂದ ಹೇಳುತ್ತಾರೆ. ಟೂ ಬಿಟ್ಟ ಮೇಲೆ ಪಾಸ್‌ವರ್ಡ್ ಬದಲಾಯಿಸುವುದು ಯಾರಿಗೂ ನೆನಪಾಗುವುದಿಲ್ಲ. ಆಮೇಲೆ ಹಳೇ ಚಾಟಿನ ಸ್ಕ್ರೀನ್‌ಶಾಟ್ ಇಡೀ ಸೆಕ್ಷನ್‌ಗೆ ಹೋಗುತ್ತದೆ. ಅದರಲ್ಲಿ ಇರುವುದು ಏನು ಮಹಾ? ಟೀಚರ್‌ಗೆ ಬೈದಿದ್ದು, ಇನ್ಯಾರನ್ನೋ ದಪ್ಪಗಿದ್ದಾಳೆ ಅಂದಿದ್ದು, ಅಪ್ಪ ಅಮ್ಮನ ಜಗಳ. ಹದಿಮೂರು ವರ್ಷಕ್ಕೆ ಅದು ಪ್ರಳಯ. ಹದಿನೈದು ದಿನ ಸ್ಕೂಲಿಗೆ ಬರದ ಮಕ್ಕಳಿದ್ದಾರೆ.

ಇನ್ನೊಂದು ಕನ್ಫೆಷನ್ ಪೇಜ್. ಮೊದಲು ಕಾಲೇಜುಗಳಲ್ಲಿ ಇತ್ತು, ಈಗ ಸ್ಕೂಲಿಗೂ ಇಳಿದಿದೆ. ಯಾರೋ ಒಂದು ಅಕೌಂಟ್ ತೆಗೆಯುತ್ತಾನೆ, ಹೆಸರು ಹೇಳದೆ ಏನು ಬೇಕಾದರೂ ಕಳಿಸಿ, ಹಾಕುತ್ತೇನೆ ಅನ್ನುತ್ತಾನೆ. ಕಳಿಸಿದವನ ಹೆಸರು ಬರುವುದಿಲ್ಲ. ಬೈಸಿಕೊಳ್ಳುವ ಮಗುವಿನ ಹೆಸರು, ಸೆಕ್ಷನ್ ಸಮೇತ ಬರುತ್ತದೆ. ನಡೆಸುವವನಿಗೆ ಮಾತ್ರ ಎಲ್ಲರ ಗುಟ್ಟೂ ಗೊತ್ತಿರುತ್ತದೆ. ಇದನ್ನು ಮಕ್ಕಳಿಗೆ ಕೇಳಿ ನೋಡಿ: 'ನೀನು ಕಳಿಸಿದ್ದು ಯಾರಿಗೂ ಗೊತ್ತಾಗಲ್ಲ ಅಂದೆಯಲ್ಲ, ಆ ಪೇಜ್ ಇಟ್ಟುಕೊಂಡಿರುವವನಿಗೆ?' ಅರೆಕ್ಷಣ ಸುಮ್ಮನಾಗುತ್ತಾರೆ. ಅಷ್ಟು ಸಾಕು, ಉಪದೇಶ ಬೇಡ.

ಗಿರಿನಗರ ಅಮ್ಮ
ಮೇಷ್ಟ್ರೇ, ಪಾಸ್‌ವರ್ಡ್ ಕೇಳಿದೆ. ಗೆಳತಿಗೆ ಗೊತ್ತಂತೆ. ಯಾವುದಕ್ಕೆ ಅಂದರೆ ಸ್ಕೂಲಿನ ಹೋಂವರ್ಕ್ ಆಪಿಗೆ! ಇನ್‌ಸ್ಟಾ ಇನ್ನೂ ಇಲ್ಲ, ಆಗಲೇ ಶುರುವಾಗಿದೆ.

ಯಲಹಂಕ ಅಪ್ಪ
ಇಷ್ಟೆಲ್ಲ ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ? ನನ್ನ ಮಗ ಒಂಬತ್ತನೇ ಕ್ಲಾಸು. ಅವನ ಫೋನಿಗೆ ಮಾನಿಟರಿಂಗ್ ಆಪ್ ಹಾಕಿದ್ದೇನೆ. ಐಕಾನ್ ಕಾಣುವುದಿಲ್ಲ. ಚಾಟು, ಕಾಲು, ಲೊಕೇಶನ್ ಎಲ್ಲ ನನ್ನ ಫೋನಿಗೆ ಬರುತ್ತದೆ. ಅವನಿಗೆ ಗೊತ್ತೇ ಇಲ್ಲ. ನೆಮ್ಮದಿಯಾಗಿ ಮಲಗುತ್ತೇನೆ.

ಪಿಯು ಸೈನ್ಸ್ ಹುಡುಗಿ
ಅಂಕಲ್, ಅವನಿಗೆ ಗೊತ್ತಿದೆ.

ದರ್ಶಿನಿ ದಾಸ
😂😂 ಈ ತಿಂಗಳ ಬೆಸ್ಟ್ ಉತ್ತರ.

ಯಲಹಂಕ ಅಪ್ಪ
ಗೊತ್ತಿದ್ದರೆ ಇಷ್ಟು ಹೊತ್ತಿಗೆ ಜಗಳ ಆಡುತ್ತಿದ್ದ.

ಪಿಯು ಸೈನ್ಸ್ ಹುಡುಗಿ
ಜಗಳ ಆಡಿದರೆ ನಿಮಗೆ ಗೊತ್ತಾಗುತ್ತದಲ್ಲ, ಅದಕ್ಕೇ ಆಡಿಲ್ಲ ಅಂಕಲ್. ಬ್ಯಾಟರಿ ಬೇಗ ಇಳಿಯುತ್ತದೆ, ಫೋನ್ ಬಿಸಿಯಾಗುತ್ತದೆ, ಪರ್ಮಿಷನ್ ಲಿಸ್ಟಿನಲ್ಲಿ ಹೆಸರೇ ಇಲ್ಲದ ಒಂದು ಆಪ್ ಕಾಣುತ್ತದೆ. ಇದನ್ನು ಪತ್ತೆ ಮಾಡುವುದು ಹೇಗೆ ಅಂತ ಯೂಟ್ಯೂಬಿನಲ್ಲೇ ಇದೆ. ನಮ್ಮ ಹೈಸ್ಕೂಲಿನಲ್ಲಿ ಎಷ್ಟೋ ಹುಡುಗರ ಬಳಿ ಎರಡು ಅಕೌಂಟ್ ಇತ್ತು. ಒಂದು ಮನೆಯವರು ನೋಡಲಿ ಅಂತ, ದೇವಸ್ಥಾನದ ಫೋಟೋ, ಕ್ರಿಕೆಟ್. ಇನ್ನೊಂದು ಕಸಿನ್‌ನ ಹಳೇ ಟ್ಯಾಬಿನಲ್ಲಿ. ನೀವು ನೋಡುತ್ತಿರುವುದು ಮೊದಲನೆಯದು.

ಬೇಜಾರು ಮಾಡಿಕೊಳ್ಳಬೇಡಿ. ಎರಡನೇ ಅಕೌಂಟಿನಲ್ಲಿ ಏನಾದರೂ ಎಡವಟ್ಟಾದರೆ ಅವನು ನಿಮ್ಮ ಹತ್ತಿರ ಬರುವುದಿಲ್ಲ, ಯಾಕೆಂದರೆ ಆ ಅಕೌಂಟ್ ಇದೆ ಅಂತ ಮೊದಲು ಹೇಳಬೇಕಾಗುತ್ತದೆ. ನನಗೆ ಭಯ ಅನ್ನಿಸುವುದು ಅದು.

ಯಲಹಂಕ ಅಪ್ಪ
ನೀನು ಇನ್ನೂ ಚಿಕ್ಕವಳಮ್ಮ. ಅಪ್ಪ ಆದಾಗ ಗೊತ್ತಾಗುತ್ತದೆ.

ಹೆಬ್ಬಾಳ ಫ್ಲೈಓವರ್
ಅವಳು ಅಪ್ಪ ಆಗುವುದು ಕಷ್ಟ ಸಾರ್.

ರಾತ್ರಿಪಾಳಿ ಟೆಕ್ಕಿ
ಯಲಹಂಕ ಸಾರ್, ಮಗನಿಗೆ ಗೊತ್ತಾ ಇಲ್ಲವಾ ಅನ್ನುವುದು ಹಾಗಿರಲಿ. ಐಕಾನ್ ಬಚ್ಚಿಟ್ಟುಕೊಂಡು ಕೂರುವ ಆ ಆಪ್ ಯಾರದ್ದು? ಯಾವ ದೇಶದ ಕಂಪನಿ? ಮಗನ ಚಾಟು, ಫೋಟೋ, ಅವನು ದಿನಾ ಓಡಾಡುವ ದಾರಿ ಎಲ್ಲಾ ನಿಮ್ಮ ಫೋನಿಗೆ ನೇರವಾಗಿ ಬರುವುದಿಲ್ಲ. ಅವರ ಸರ್ವರಿಗೆ ಹೋಗಿ ಅಲ್ಲಿಂದ ಬರುತ್ತದೆ. ಇಂಥ ಆಪ್‌ಗಳ ಡೇಟಾ ಸೋರಿದ ಉದಾಹರಣೆ ಬೇಕಾದಷ್ಟಿದೆ. ಮಗನನ್ನು ಕಾಪಾಡಲು ಹೋಗಿ ಊರು ಪೇರು ಗೊತ್ತಿಲ್ಲದವನ ಕೈಗೆ ಎಲ್ಲಾ ಕೊಟ್ಟ ಹಾಗಾಯಿತು.

ನೋಡಲೇಬೇಕು ಅಂದರೆ ಬಚ್ಚಿಡದ ದಾರಿಗಳಿವೆ. ಮಗುವಿನ ಫೋನ್ ಬಳಕೆ ನೋಡಿಕೊಳ್ಳುವ ಗೂಗಲ್ ಫ್ಯಾಮಿಲಿ ಲಿಂಕ್ ಆಪ್ ಹಾಕಿದರೆ ಮಗುವಿಗೂ ಅದು ಇದೆ ಅಂತ ಗೊತ್ತಿರುತ್ತದೆ. ಇನ್‌ಸ್ಟಾಗ್ರಾಮಿನಲ್ಲಿ ಪೋಷಕರಿಗೆ ಅಂತ ಇರುವ ಸೂಪರ್‌ವಿಷನ್‌ನಲ್ಲಿ ಕಳೆದ ಏಳು ದಿನದಲ್ಲಿ ಮಗು ಯಾರ ಜೊತೆ ಮಾತಾಡಿದೆ ಅಂತ ಕಾಣುತ್ತದೆ, ಏನು ಮಾತಾಡಿದೆ ಅಂತ ಕಾಣುವುದಿಲ್ಲ. ನನ್ನ ಪ್ರಕಾರ ಅಷ್ಟು ಸಾಕು.

ಯಲಹಂಕ ಅಪ್ಪ
ಆಪ್ ಯಾರದ್ದು ಅಂತ ನೋಡುತ್ತೇನೆ. ಆದರೆ ನೋಡುವುದು ತಪ್ಪು ಅಂತ ನಾನು ಒಪ್ಪುವುದಿಲ್ಲ.

ಎಚ್‌ಎಸ್‌ಆರ್ ಅಮ್ಮ
ನಾನೂ ಒಪ್ಪುವುದಿಲ್ಲ. ಹತ್ತು ವರ್ಷದವನಿಗೆ ನೋಡುವುದು ಬೇರೆ, ಹದಿನಾರು ವರ್ಷದವನಿಗೆ ಬೇರೆ. ಎಲ್ಲದಕ್ಕೂ 'ಮಕ್ಕಳ ಸ್ವಾತಂತ್ರ್ಯ' ಅಂದರೆ ಆಗುವುದಿಲ್ಲ. ನಮ್ಮ ಮನೆ ನಿಯಮ ಸರಳ. ಫೋನ್ ರಾತ್ರಿ ಹಾಲಿನಲ್ಲಿ ಚಾರ್ಜ್ ಆಗಬೇಕು, ನನ್ನದೂ ಅವರಪ್ಪನದೂ ಸೇರಿ. ಅವರಪ್ಪನೇ ಜಾಸ್ತಿ ಮುರಿಯುವುದು.

ಗಾಂಧಿಬಜಾರ್ ತಾತ
ಎಲ್ಲ ಓದಿದೆ. ನನ್ನದೊಂದು ಅನುಮಾನ. ಕಡಲೆಕಾಯಿ ಪರಿಷೆಯಲ್ಲಿ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ ಫೋಟೋ ಸ್ಟೇಟಸ್‌ಗೆ ಹಾಕಿದೆ. ಸೊಸೆ ತೆಗೆಯಿರಿ ಅಂದಳು. ಮಗು ಪ್ರೈವಸಿ ಅಂತೆ. ಮೂರು ವರ್ಷದ ಮಗುವಿಗೆ ಎಂಥ ಪ್ರೈವಸಿ? ನಾನೇನು ಪೇಪರಿಗೆ ಕೊಟ್ಟೆನಾ? ನನ್ನ ಗುರುತಿನವರು ನೋಡುತ್ತಾರೆ, ಅಷ್ಟೇ.

ವಿಜಯನಗರ ಅಕ್ಕ
ತಾತ, ನಿಮ್ಮ ಸ್ಟೇಟಸ್ ನೋಡಿದವರ ಪಟ್ಟಿ ಒಮ್ಮೆ ತೆಗೆದು ನೋಡಿ. ನಿಮ್ಮ ಫೋನಿನಲ್ಲಿ ಅವರ ನಂಬರು, ಅವರ ಫೋನಿನಲ್ಲಿ ನಿಮ್ಮ ನಂಬರು ಇದ್ದರೆ ಸಾಕು, ಸ್ಟೇಟಸ್ ಕಾಣುತ್ತದೆ. ಹಾಗಾಗಿ ಗ್ಯಾಸ್ ತರುವವನು, ಹಳೇ ಬಾಡಿಗೆಯವರು, ಸೈಟ್ ಬ್ರೋಕರ್, ಎಂದೋ ಒಮ್ಮೆ ಬಂದ ಪ್ಲಂಬರ್ ಎಲ್ಲ ಇರುತ್ತಾರೆ. ಕೆಟ್ಟವರು ಅಂತಲ್ಲ. ಮೊಮ್ಮಗಳ ಹುಟ್ಟುಹಬ್ಬ ಯಾವತ್ತು, ಯಾವ ಪ್ಲೇಸ್ಕೂಲು ಅಂತ ಅವರಿಗೆಲ್ಲ ಯಾಕೆ?

ಸೆಟ್ಟಿಂಗ್ಸ್, ಪ್ರೈವಸಿ, ಸ್ಟೇಟಸ್. ಅಲ್ಲಿ 'ಇವರಿಗೆ ಮಾತ್ರ' ಅನ್ನುವ ಆಯ್ಕೆ ಇದೆ. ಮನೆಯವರನ್ನು ಆರಿಸಿ. ಮಗುವಿನ ಫೋಟೋ ಧಾರಾಳವಾಗಿ ಹಾಕಿ.

ಗಾಂಧಿಬಜಾರ್ ತಾತ
ನೋಡಿದೆ. ಪ್ಲಂಬರ್ ಇದ್ದಾನೆ. ಕೊಳಾಯಿ ಸರಿ ಮಾಡಲು ಕರೆದರೆ ಬರುವುದಿಲ್ಲ, ಸ್ಟೇಟಸ್ ಮಾತ್ರ ಮೊದಲು ನೋಡಿದ್ದಾನೆ.

ದರ್ಶಿನಿ ದಾಸ
ತಾತ, ಸ್ಟೇಟಸ್‌ಗೆ ಸೋರುವ ಕೊಳಾಯಿ ಫೋಟೋ ಹಾಕಿ.

ಪಿಯು ಸೈನ್ಸ್ ಹುಡುಗಿ
ಮಕ್ಕಳಿಗೆ ಏನು ಕಲಿಸಬೇಕು ಅಂತ ಎಲ್ಲರೂ ಕೇಳುತ್ತೀರಿ. ನನ್ನ ಎಸೆಸೆಲ್ಸಿ ರಿಸಲ್ಟ್ ಬಂದ ದಿನ ನಮ್ಮಮ್ಮ ಅದರ ಸ್ಕ್ರೀನ್‌ಶಾಟ್ ಮೂರು ಫ್ಯಾಮಿಲಿ ಗ್ರೂಪಿಗೆ, ಅಪಾರ್ಟ್‌ಮೆಂಟ್ ಗ್ರೂಪಿಗೆ, ಫೇಸ್‌ಬುಕ್‌ಗೆ ಹಾಕಿದರು. ಅದರಲ್ಲಿ ರಿಜಿಸ್ಟರ್ ನಂಬರು ಇದೆ. ಅದೇ ಫೇಸ್‌ಬುಕ್‌ನಲ್ಲಿ ಪ್ರತಿ ವರ್ಷ ನನ್ನ ಹುಟ್ಟುಹಬ್ಬದ ಕೇಕ್ ಫೋಟೋ ಇದೆ. ಎಸೆಸೆಲ್ಸಿ ಫಲಿತಾಂಶ ನೋಡಲು ಬೇಕಾದದ್ದು ಅವೆರಡೇ. ಯಾವ ಸಬ್ಜೆಕ್ಟಿನಲ್ಲಿ ಎಷ್ಟು ಅಂತ ಇಡೀ ಬ್ಲಾಕಿನ ಆಂಟಿಯರು ನೋಡಿಕೊಂಡರು. ಮ್ಯಾತ್ಸ್ ಬಗ್ಗೆ ಲಿಫ್ಟಿನಲ್ಲಿ ನನಗೆ ಸಾಂತ್ವನ ಸಿಕ್ಕಿತು.

ನಾನು ಸ್ನಾನದ ಟಬ್ಬಿನಲ್ಲಿ ಕೂತಿರುವ ಎರಡು ವರ್ಷದ ಫೋಟೋ ಇನ್ನೂ ಅಲ್ಲೇ ಇದೆ. ತೆಗೆಯಿರಿ ಅಂದರೆ 'ಎಷ್ಟು ಮುದ್ದಾಗಿದ್ದೆ, ಇರಲಿ ಬಿಡೇ' ಅನ್ನುತ್ತಾರೆ. ಇದೇ ಅಮ್ಮ ನನಗೆ 'ಫೋಟೋ ಹಾಕುವ ಮುಂಚೆ ಯೋಚನೆ ಮಾಡು' ಅಂತ ಕ್ಲಾಸ್ ತೆಗೆದುಕೊಳ್ಳುತ್ತಾರೆ. ಅಮ್ಮ ಒಳ್ಳೆಯವರೇ. ಆದರೆ ಹೇಳಿದ್ದನ್ನು ನಾನು ಯಾಕೆ ಕೇಳಬೇಕು?

ಗಿರಿನಗರ ಆಂಟಿ, ನಿಮ್ಮ ಮಗಳ ಫೋಟೋ ಹಾಕುವಾಗ ಅವಳನ್ನು ಕೇಳಿ. ಅವಳು ಬೇಡ ಅಂದರೆ ಹಾಕಬೇಡಿ. 'ಬೇಡ' ಅಂದರೆ ನಿಲ್ಲುತ್ತದೆ ಅಂತ ಮನೆಯಲ್ಲಿ ಒಮ್ಮೆ ನೋಡಿದ ಹುಡುಗಿ ಹೊರಗೂ 'ಬೇಡ' ಅನ್ನುತ್ತಾಳೆ. ಯಾರಾದರೂ ಫೋಟೋ ಕಳಿಸು ಅಂತ ಪೀಡಿಸಿದಾಗ ಬೇಕಾಗುವುದು ಅದೇ ಮಾತು.

ಹೈಸ್ಕೂಲ್ ಮೇಷ್ಟ್ರು
ಕೊನೆಯ ಪ್ಯಾರಾವನ್ನು ಪೋಷಕರ ಸಭೆಯಲ್ಲಿ ಓದಿ ಹೇಳಬಹುದಾ? ಹೆಸರು ಇಲ್ಲದೆ.

ಪಿಯು ಸೈನ್ಸ್ ಹುಡುಗಿ
ಓದಿ ಸಾರ್. ಕೇಳಿ ಓದುತ್ತಿರುವುದಕ್ಕೆ ಥ್ಯಾಂಕ್ಸ್ 🙂

ಬಾಣಸವಾಡಿ ಬಾಬು
ಅಪ್ಪ ಅಮ್ಮನ್ನ ಬಿಡಿ, ಸ್ಕೂಲುಗಳ ಕಥೆ ಕೇಳಿ. ನನ್ನ ಮಗಳ ಸ್ಕೂಲು ಪ್ರತಿ ಕಾರ್ಯಕ್ರಮದ ಫೋಟೋ ಫೇಸ್‌ಬುಕ್‌ನಲ್ಲಿ ಹಾಕುತ್ತಿತ್ತು. ಫೋಟೋ ಕೆಳಗೆ ಹೆಸರು, ಕ್ಲಾಸು, ಸೆಕ್ಷನ್. ಅಡ್ಮಿಷನ್ ಫಾರಂನ ಮೂಲೆಯಲ್ಲಿ ಒಂದು ಸಾಲಿನ ಒಪ್ಪಿಗೆ ಇತ್ತಂತೆ, ನಾವು ಸಹಿ ಮಾಡಿದ್ದೇವಂತೆ. 'ಫೋಟೋ ಇರಲಿ, ಹೆಸರು ಮತ್ತು ಸೆಕ್ಷನ್ ತೆಗೆಯಿರಿ' ಅಂತ ಪತ್ರ ಬರೆದು ಕೊಟ್ಟೆ. ಮೊದಲು 'ಬೇರೆ ಪೇರೆಂಟ್ಸ್ ಯಾರೂ ಕೇಳಿಲ್ಲ' ಅಂದರು. ಬೇರೆ ಪೇರೆಂಟ್ಸ್ ಜೊತೆ ಹೋದ ಮೇಲೆ ತೆಗೆದರು.

ಟ್ಯೂಷನ್ ಸೆಂಟರುಗಳದ್ದು ಇನ್ನೂ ಒಂದು ಕೈ ಮೇಲೆ. ರಿಸಲ್ಟ್ ಬಂದ ವಾರ ಯಾವ ಸರ್ಕಲಿನಲ್ಲಿ ನೋಡಿದರೂ ಮಕ್ಕಳ ಫೋಟೋ, ಹೆಸರು, ಅಂಕ. ಫ್ಲೆಕ್ಸ್ ಹಾಕಬೇಡಿ ಅಂತ ಹೈಕೋರ್ಟ್ ಎಷ್ಟು ಹೇಳಿದರೂ ಅಷ್ಟೇ.

ಹಳೇ ಬೆಂಗಳೂರಿಗ
ಫ್ಲೆಕ್ಸ್ ವಿಷಯ ಎತ್ತಬೇಡಿ. ನಮ್ಮ ರಸ್ತೆಯಲ್ಲಿ ಲೈಟ್ ಕಂಬ ಕಾಣುವುದಿಲ್ಲ, ಬರೀ ಮರಿ ಲೀಡರುಗಳ ಹುಟ್ಟುಹಬ್ಬ.

ಹೆಬ್ಬಾಳ ಫ್ಲೈಓವರ್
ಅವರಿಗೆ ಪ್ರೈವಸಿ ಬೇಡವೇ ಬೇಡ ಸಾರ್ 😄

ಕರಿಕೋಟು
ಕಾನೂನಿನ ಕಡೆಯಿಂದ ಸ್ವಲ್ಪ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಕ್ಕೊರಲಿನಿಂದ ಹೇಳಿತು. ಆ ಕೇಸಿನ ಮೊದಲ ಅರ್ಜಿದಾರರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಬೆಂಗಳೂರಿನಲ್ಲೇ ಇದ್ದವರು. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. 2024ರಲ್ಲಿ ತೀರಿಕೊಂಡರು. ತಾತ, ವಯಸ್ಸಾದವರಿಗೆ ಇದೆಲ್ಲ ಯಾಕೆ ಅನ್ನಬೇಡಿ.

ಆಮೇಲೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರಲ್ಲಿ 18ರೊಳಗಿನ ಎಲ್ಲರೂ ಮಕ್ಕಳೇ. ಮಗುವಿನ ಮಾಹಿತಿ ತೆಗೆದುಕೊಳ್ಳುವ ಮುಂಚೆ ಕಂಪನಿ ಪೋಷಕರ ಒಪ್ಪಿಗೆ ಪಡೆಯಬೇಕು, ಆ ಒಪ್ಪಿಗೆ ನಿಜವಾಗಿ ಪೋಷಕರದ್ದೇ ಅಂತ ಪರೀಕ್ಷಿಸಬೇಕು. ಮಗು ಏನು ನೋಡುತ್ತದೆ ಅಂತ ಬೆನ್ನುಹತ್ತುವುದು, ಅದಕ್ಕೆ ತಕ್ಕ ಜಾಹೀರಾತು ತೋರಿಸುವುದು ನಿಷಿದ್ಧ. ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳು, ಅಂದರೆ 2027ರ ಮೇ.

ಎಚ್‌ಎಸ್‌ಆರ್ ಅಮ್ಮ
ಅಷ್ಟರಲ್ಲಿ ನನ್ನ ಮಗ ಕಾಲೇಜು ಸೇರಿರುತ್ತಾನೆ. ಹಾಗಾದರೆ ತಾತ ಫೋಟೋ ಹಾಕಿದ್ದಕ್ಕೂ 200 ಕೋಟಿನಾ?

ಕರಿಕೋಟು
ಇಲ್ಲ ಮೇಡಂ. ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕೆ ಬಳಸಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ತಾತ ಸೇಫ್. ಸೊಸೆಯಿಂದ ರಕ್ಷಣೆ ಕೊಡುವ ಕಾನೂನು ನನಗೆ ಗೊತ್ತಿಲ್ಲ.

ಗಾಂಧಿಬಜಾರ್ ತಾತ
ನಾನು ಆಗಲೇ 'ಇವರಿಗೆ ಮಾತ್ರ' ಮಾಡಿ ಆಯಿತು. ಪ್ಲಂಬರನ್ನು ತೆಗೆದೆ.

ಬಾಣಸವಾಡಿ ಬಾಬು
ಆಸ್ಟ್ರೇಲಿಯಾ ತರಹ ಮಾಡಬೇಕು. ಅಲ್ಲಿ 2025ರ ಡಿಸೆಂಬರ್ 10ರಿಂದ 16ರೊಳಗಿನವರಿಗೆ ಇನ್‌ಸ್ಟಾ, ಸ್ನ್ಯಾಪ್‌ಚಾಟ್, ಟಿಕ್‌ಟಾಕ್ ಎಲ್ಲ ಬಂದ್. ದಂಡ ಮಕ್ಕಳಿಗಲ್ಲ, ಕಂಪನಿಗೆ.

ರಾತ್ರಿಪಾಳಿ ಟೆಕ್ಕಿ
ನಮ್ಮಲ್ಲಿ 2020ರ ಜೂನಿನಲ್ಲಿ ಟಿಕ್‌ಟಾಕ್ ನಿಲ್ಲಿಸಿದರು. ಕುಣಿಯುವವರು ನಿಂತರಾ? ರೀಲ್ಸ್‌ಗೆ ಬಂದರು. ಅದೂ ಅಲ್ಲದೆ ವಯಸ್ಸು ಪರೀಕ್ಷೆ ಮಾಡಬೇಕಾದರೆ ಎಲ್ಲರ ಮುಖವೋ ಗುರುತಿನ ಚೀಟಿಯೋ ಕೇಳಬೇಕು. ಮಕ್ಕಳ ಮಾಹಿತಿ ಕಾಪಾಡಲು ಎಲ್ಲರ ಆಧಾರ್ ಕೊಡುವುದಾ? ನನಗೆ ಒಪ್ಪಿಗೆ ಇಲ್ಲ.

ಬಾಣಸವಾಡಿ ಬಾಬು
ಏನೂ ಮಾಡದೆ ಇರುವುದಕ್ಕಿಂತ ವಾಸಿ.

ಗಿರಿನಗರ ಅಮ್ಮ
ಜಗಳ ಬೇಡ ಪ್ಲೀಸ್. ಒಂದು ಕೇಳಬೇಕಿತ್ತು. ಕೆಟ್ಟದ್ದು ಆಗಿಯೇ ಬಿಟ್ಟರೆ? ಯಾರೋ ಫೋಟೋ ಇಟ್ಟುಕೊಂಡು ಹೆದರಿಸಿದರೆ ಮೊದಲು ಏನು ಮಾಡಬೇಕು? ಮಗಳಿಗೆ ಇದನ್ನು ಈಗಲೇ ಹೇಳಬೇಕಾ?

ವಿಜಯನಗರ ಅಕ್ಕ
ಈಗಲೇ ಹೇಳಿ. ಹನ್ನೆರಡು ವರ್ಷದ ಮಗುವಿಗೆ ಅರ್ಥವಾಗುವ ಮಾತಿನಲ್ಲಿ. ನಾನು ಮಕ್ಕಳ ಜೊತೆ ಕೆಲಸ ಮಾಡುವವಳು, ಇಂಥ ಮನೆಗಳನ್ನು ನೋಡಿದ್ದೇನೆ. ಹೆದರಿಸುವವನ ಬಂಡವಾಳ ಒಂದೇ, 'ನಿಮ್ಮಪ್ಪನಿಗೆ ಹೇಳುತ್ತೇನೆ'. ಅಪ್ಪನಿಗೆ ಮೊದಲೇ ಗೊತ್ತಿದ್ದರೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ 'ಏನೇ ಆಗಿರಲಿ ನನ್ನ ಹತ್ತಿರ ಬಾ, ಫೋನ್ ಕಿತ್ತುಕೊಳ್ಳುವುದಿಲ್ಲ' ಅಂತ ಮೊದಲೇ ಹೇಳಿ. ಮಾತು ಕೊಟ್ಟರೆ ಉಳಿಸಿಕೊಳ್ಳಿ. ಫೋನ್ ಹೋಗುತ್ತದೆ ಅನ್ನುವ ಭಯಕ್ಕೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ.

ಆಗಿಬಿಟ್ಟರೆ: ದುಡ್ಡು ಕೊಡಬೇಡಿ. ಕೊಟ್ಟರೆ ಮತ್ತೆ ಕೇಳುತ್ತಾನೆ. ಇನ್ನೊಂದು ಫೋಟೋ ಅಂತೂ ಕೊಡಲೇಬಾರದು. ಗಾಬರಿಯಲ್ಲಿ ಚಾಟ್ ಅಳಿಸಬೇಡಿ, ಅವನ ಅಕೌಂಟಿನ ಹೆಸರು, ಲಿಂಕು, ಬೆದರಿಕೆಯ ಮೆಸೇಜು ಉಳಿಸಿಕೊಂಡ ಮೇಲೆ ಬ್ಲಾಕ್ ಮಾಡಿ. ಮಗುವಿನ ಆ ಫೋಟೋವನ್ನು ಮಾತ್ರ ಯಾರಿಗೂ ಫಾರ್ವರ್ಡ್ ಮಾಡಬೇಡಿ. 'ನೋಡಿ ಭಾವ, ಹೀಗಾಗಿದೆ' ಅಂತ ಮನೆಯವರಿಗೂ ಕಳಿಸಬಾರದು. ಮಕ್ಕಳ ಅಶ್ಲೀಲ ಚಿತ್ರ ಹಂಚುವುದೇ ಐಟಿ ಕಾಯ್ದೆಯ 67ಬಿ ಪ್ರಕಾರ ಅಪರಾಧ.

ದೂರು ಕೊಡಲು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ. ಅಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಷಯಕ್ಕೆ ಬೇರೆಯೇ ವಿಭಾಗ, ಹೆಸರು ಹೇಳದೆಯೂ ಕೊಡಬಹುದು. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098. ಬೆಂಗಳೂರಿನಲ್ಲಿ ಸೈಬರ್ ಕೇಸು ನೋಡುವ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳಿವೆ, ಹತ್ತಿರದ ಠಾಣೆಗೆ ಹೋದರೂ ಆಗುತ್ತದೆ. ಫೋಟೋ ಹರಡುವ ಭಯ ಇದ್ದರೆ 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ, 18ರೊಳಗೆ ತೆಗೆದ ಚಿತ್ರಗಳಿಗೆ. ಫೋಟೋ ನಿಮ್ಮ ಫೋನಿನಲ್ಲೇ ಇರುತ್ತದೆ, ಅದರ ಬೆರಳಚ್ಚಿನಂಥ ಒಂದು ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ. ಇದರಲ್ಲಿ ಸೇರಿರುವ ಕಂಪನಿಗಳು ಆ ಗುರುತು ಹಿಡಿದು ಚಿತ್ರ ತೆಗೆಯುತ್ತವೆ.

ಕರಿಕೋಟು
ಸರಿಯಾಗಿ ಹೇಳಿದಿರಿ. ಒಂದು ಸೇರಿಸುತ್ತೇನೆ. ಲೈಂಗಿಕ ಕಿರುಕುಳ ಇದ್ದರೆ 2012ರ ಪೋಕ್ಸೋ ಕಾಯ್ದೆ ಬರುತ್ತದೆ. ಅಲ್ಲಿ ಮಗುವಿನ ಹೆಸರು, ಸ್ಕೂಲು, ಗುರುತು ಮಾಧ್ಯಮದಲ್ಲಿ ಬರುವಂತಿಲ್ಲ. 'ಪೊಲೀಸಿಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ' ಅಂತ ಹಿಂಜರಿಯುವವರಿಗೆ ಇದನ್ನು ಹೇಳಿ.

ಎಚ್‌ಎಸ್‌ಆರ್ ಅಮ್ಮ
ನಮ್ಮ ಫೋಟೋವನ್ನು ಕಾರ್ಟೂನ್ ಮಾಡಿಕೊಡುವ ಎಐ ಆಪ್‌ಗಳ ಬಗ್ಗೆ ಯಾರೂ ಹೇಳಲಿಲ್ಲ. 2025ರ ಮಾರ್ಚಿನಲ್ಲಿ ಆ ಜಪಾನಿ ಶೈಲಿಯ ಹುಚ್ಚು ಬಂದಾಗ ನಮ್ಮ ಗ್ರೂಪಿನಲ್ಲಿ ಎಲ್ಲರೂ ಮಕ್ಕಳ ಫೋಟೋ ಹಾಕಿ ಮಾಡಿಸಿದರು. ಆಮೇಲೆ ಸೆಪ್ಟೆಂಬರಿನಲ್ಲಿ ಎಐ ಸೀರೆ ಉಡಿಸಿ ಕೊಡುವ ಫೋಟೋ. ಕೊಟ್ಟ ಫೋಟೋ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳಲಿಲ್ಲ.

ಹೆಬ್ಬಾಳ ಫ್ಲೈಓವರ್
ಸೀರೆ ಫೋಟೋ ನಾನೂ ಮಾಡಿಸಿದ್ದೆ. ನನ್ನದೇ. ಚೆನ್ನಾಗಿ ಬಂದಿತ್ತು.

ಜಯನಗರ ಜಾಣ
ಫೋಟೋದ ಒಳಗೇ ಲೊಕೇಶನ್ ಇರುತ್ತದೆ, ಹಾಗಾಗಿ ವಾಟ್ಸಾಪಿನಲ್ಲಿ ಮಕ್ಕಳ ಫೋಟೋ ಕಳಿಸಿದರೆ ಮನೆ ಅಡ್ರೆಸ್ ಹೋಗುತ್ತದೆ. ಎಲ್ಲರೂ ಎಚ್ಚರ!!

ರಾತ್ರಿಪಾಳಿ ಟೆಕ್ಕಿ
ಅರ್ಧ ನಿಜ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಆ ಮಾಹಿತಿ ತೆಗೆದುಹಾಕುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಮೂಲ ಫೈಲ್ ಹೋಗುತ್ತದೆ, ಲೊಕೇಶನ್ ಸಮೇತ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿಬಿಟ್ಟರೆ ಈ ತಲೆನೋವೇ ಇಲ್ಲ. ಸ್ನ್ಯಾಪ್‌ಚಾಟ್ ಇದ್ದರೆ ಮ್ಯಾಪಿನಲ್ಲಿ ಘೋಸ್ಟ್ ಮೋಡ್ ಹಾಕಿ, ಇಲ್ಲದಿದ್ದರೆ ಆ ಮಗು ಎಲ್ಲಿದೆ ಅಂತ ಫ್ರೆಂಡ್ ಲಿಸ್ಟಿಗೆಲ್ಲ ಕಾಣಬಹುದು. ವಾಟ್ಸಾಪಿನಲ್ಲಿ ಗ್ರೂಪಿಗೆ ಯಾರು ಸೇರಿಸಬಹುದು ಅನ್ನುವುದನ್ನು 'ನನ್ನ ಕಾಂಟ್ಯಾಕ್ಟ್ಸ್' ಅಂತ ಇಡಿ. ಟ್ಯೂಷನ್ ಗ್ರೂಪಿಗೆ ಮಗುವಿನ ನಂಬರ್ ಕೊಡಬೇಡಿ, ನಿಮ್ಮದು ಕೊಡಿ. ಅಲ್ಲಿ ಎಲ್ಲರಿಗೂ ಎಲ್ಲರ ನಂಬರ್ ಕಾಣುತ್ತದೆ.

ಬಾಣಸವಾಡಿ ಬಾಬು
ಗಿರಿನಗರ ಮೇಡಂ, ನೀವು ಮಾಡಿದ ತನಿಖೆಯನ್ನೇ ಮಗಳ ಕೈಯಲ್ಲಿ ಮಾಡಿಸಿ. ನಾನು ಹಾಗೆ ಮಾಡಿದೆ. ನನ್ನದೇ ಫೇಸ್‌ಬುಕ್ ಕೊಟ್ಟು 'ನನ್ನ ಬಗ್ಗೆ ಏನೇನು ಗೊತ್ತಾಗುತ್ತದೆ ಹೇಳು' ಅಂದೆ. ಕಾರಿನ ನಂಬರು, ಮದುವೆ ದಿನ, ಯಾವ ವಾರ ಊರಿನಲ್ಲಿ ಇರಲಿಲ್ಲ, ಅಜ್ಜಿ ಮನೆ ಎಲ್ಲಿ, ಎಲ್ಲಾ ಪಟ್ಟಿ ಮಾಡಿದಳು. ಬ್ಯಾಂಕಿನ ಗುಪ್ತ ಪ್ರಶ್ನೆಯ ಉತ್ತರವೂ ಸಿಕ್ಕಿತು, ನಮ್ಮ ನಾಯಿ ಹೆಸರು. ಆಮೇಲೆ ತಾನಾಗಿಯೇ ತನ್ನ ರೀಲ್‌ಗಳನ್ನು ನೋಡಲು ಕೂತಳು. ನಾನು ಏನೂ ಹೇಳಲಿಲ್ಲ.

ಗಿರಿನಗರ ಅಮ್ಮ
ಇದು ನನಗೆ ತುಂಬಾ ಇಷ್ಟವಾಯಿತು. ಶನಿವಾರ ಮಾಡಿಸುತ್ತೇನೆ, ಅವರಪ್ಪನ ಫೇಸ್‌ಬುಕ್ ಕೊಟ್ಟು. ಸದ್ಯಕ್ಕೆ ಹದಿಮೂರು ತುಂಬುವವರೆಗೆ ಬೇಡ, ತುಂಬಿದ ಮೇಲೆ ನಿಜವಾದ ವರ್ಷ ಹಾಕಿ, ಜೊತೆಗೆ ಕೂತು ಮಾಡುವುದು ಅಂತ ಅವಳಿಗೆ ಹೇಳಿದೆ. ಮುಖ ಊದಿಸಿಕೊಂಡಿದ್ದಾಳೆ. ಯಜಮಾನರು 'ಪಿಯುಸಿ' ಅನ್ನುವುದನ್ನು ಇನ್ನೂ ಬಿಟ್ಟಿಲ್ಲ.

ಯಲಹಂಕ ಅಪ್ಪ
ಆ ಆಪ್ ತೆಗೆದೆ. ಕಂಪನಿ ಅಡ್ರೆಸ್ ಹುಡುಕಿದರೆ ಬರೀ ಒಂದು ಇಮೇಲ್. ಆದರೆ ಮಗನಿಗೆ ಇನ್ನೂ ಏನೂ ಹೇಳಿಲ್ಲ. ಹೇಳಬೇಕಾ?

ಪಿಯು ಸೈನ್ಸ್ ಹುಡುಗಿ
ಹೇಳಿ ಅಂಕಲ್. ಅವನಿಗೆ ಅದೂ ಗೊತ್ತಾಗಿರುತ್ತದೆ, ಬ್ಯಾಟರಿ ಜಾಸ್ತಿ ಬರುತ್ತಿರುತ್ತದೆ.

ಕೆಂಗೇರಿ ಮಂಜು
ತಡವಾಗಿ ಬಂದೆ. ನನ್ನ ಮಗನಿಗೆ ಹತ್ತು ವರ್ಷ, ಸೋಷಿಯಲ್ ಮೀಡಿಯಾ ಏನೂ ಇಲ್ಲ, ಬರೀ ಗೇಮ್. ಇಯರ್‌ಫೋನ್ ಹಾಕಿಕೊಂಡು ಯಾರ ಜೊತೆಗೋ ಹಿಂದಿಯಲ್ಲಿ ಮಾತಾಡುತ್ತಿರುತ್ತಾನೆ. ಯಾರೋ ಅಂದರೆ 'ಟೀಮ್‌ಮೇಟ್' ಅಂತಾನೆ. ಇದೂ ಇದರಲ್ಲಿ ಬರುತ್ತದಾ?

ರಾತ್ರಿಪಾಳಿ ಟೆಕ್ಕಿ
ಖಂಡಿತಾ ಬರುತ್ತದೆ. ಗೇಮಿನ ಸೆಟ್ಟಿಂಗಿನಲ್ಲಿ ವಾಯ್ಸ್ ಚಾಟ್ 'ಫ್ರೆಂಡ್ಸ್ ಮಾತ್ರ' ಅಂತ ಇದೆಯಾ ನೋಡಿ, ಇಲ್ಲದಿದ್ದರೆ ಆಫ್ ಮಾಡಿ. ಪ್ಲೇಯರ್ ಹೆಸರಿನಲ್ಲಿ ನಿಜ ಹೆಸರು, ಹುಟ್ಟಿದ ವರ್ಷ ಇದ್ದರೆ ಬದಲಾಯಿಸಿ. ಇಯರ್‌ಫೋನ್ ಬಿಟ್ಟು ಸ್ಪೀಕರಿನಲ್ಲಿ, ಹಾಲಿನಲ್ಲಿ ಆಡಲಿ.

ಕೆಂಗೇರಿ ಮಂಜು
ಹಾಲಿನಲ್ಲಿ ಆಡಿದರೆ ಅವರಜ್ಜಿ ಸೀರಿಯಲ್ ನೋಡಲು ಬಿಡುವುದಿಲ್ಲ ಅಂತ ಗಲಾಟೆ ಆಗುತ್ತದೆ. ಆದರೂ ಇವತ್ತೇ ನೋಡುತ್ತೇನೆ. ಥ್ಯಾಂಕ್ಸ್ ಗುರು.